ಕಾರ್ಡಿನ ಹಿಂಬದಿ

ನಮ್ಮ ಕಣಿವೆಯಲ್ಲಿ ಒಂದು ರೂಢಿ ಇದೆ. ಗಾಡಿ ಓಡಿಸುವಾಗ ಎದುರಿಗೆ ಇನ್ನೊಂದು ಗಾಡಿ ಬಂದರೆ, ಅಥವಾ ಹೊಲದ ಗೇಟಿನ ಹತ್ತಿರ ಯಾರಾದರೂ ನಿಂತಿದ್ದರೆ, ಸ್ಟೀರಿಂಗ್ ಹಿಡಿದ ಕೈಯಿಂದ ಒಂದು ಬೆರಳು ಎತ್ತಬೇಕು. ಅಷ್ಟೇ ಸಾಕು. ನಗಬೇಕಾಗಿಲ್ಲ, ಕೂಗಬೇಕಾಗಿಲ್ಲ. ಬೆರಳು ಎತ್ತದೆ ಹೋದರೆ ಮಾತ್ರ ಆ ಇಬ್ಬರ ನಡುವೆ ಏನೋ ಆಗಿದೆ ಅಂತ ಅರ್ಥ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ.

ಇನ್ನೊಂದು ರೂಢಿಯೂ ಇದೆ. ಗೊತ್ತಿರುವವರ ಹತ್ತಿರ ಕಾಗದಪತ್ರ ಕೇಳಬಾರದು. ಕೇಳಿದರೆ ಅದು ಅವಮಾನ.

ಈ ಎರಡು ರೂಢಿ ಸೇರಿ ನಮ್ಮೂರಿನ ಒಬ್ಬ ಒಳ್ಳೆಯ ಮನುಷ್ಯನ ಪ್ರಾಣ ತೆಗೆದವು. ರೂಢಿಯ ಮೇಲೆ ತಪ್ಪು ಹೊರಿಸುವುದು ಸುಲಭ. ತಪ್ಪು ನನ್ನದು. ಆದ್ದರಿಂದ ಈ ಕಥೆ ಹೇಳುವ ಕೆಲಸವೂ ನನ್ನದೇ.

ನನ್ನ ಹೆಸರು ಹೇಜಲ್ ಆಲ್ಡರ್ಸನ್. ಯಾರ್ಕ್‌ಶೈರಿನ ಥಾರ್ನ್‌ಬೆಕ್ ಎಂಬ ಸಣ್ಣ ಊರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ ನಮ್ಮದು. ಮದುವೆ, ಕುರಿಗಳ ಪ್ರದರ್ಶನ, ಊರ ಆಟದ ಪಂದ್ಯ, ಏನೇ ಇದ್ದರೂ ಬಿಳಿ ಡೇರೆ ಎದ್ದಿತು ಅಂದರೆ ಅದು ನಮ್ಮದೇ. ನನ್ನ ಗಂಡ ಟ್ರೆವರ್ ಶುರು ಮಾಡಿದ್ದು. ಅವನು ತೀರಿಕೊಂಡು ಆರು ವರ್ಷವಾಯಿತು. ಈಗ ನಡೆಸುವವಳು ನಾನು. ಕೆಲಸಕ್ಕೆ ಇಬ್ಬರು ಗಂಡಸರು: ಕಾಲಿನ್ ಸಣ್ಣ ವ್ಯಾನು ಓಡಿಸುತ್ತಾನೆ, ರೋಲಂಡ್ ಹಾರ್ಕರ್ ಏಳೂವರೆ ಟನ್ನಿನ ಲಾರಿ ಓಡಿಸುತ್ತಿದ್ದ. ಕಂಬ, ಬಟ್ಟೆ, ನೆಲಹಾಸು, ಕುರ್ಚಿ, ಎಲ್ಲ ಆ ಲಾರಿಯಲ್ಲೇ.

ರೋಲಂಡ್ ಬರೀ ಡ್ರೈವರ್ ಅಲ್ಲ. ಖಾಲಿ ಹೊಲದಲ್ಲಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಇಲ್ಲಿ ಒಂದು ಗೂಟ, ಅಲ್ಲಿ ಒಂದು ಗೂಟ" ಅಂತ ಹೇಳಿದರೆ ಮುಗಿಯಿತು. ಟೇಪು ಹಿಡಿದು ಅಳೆದರೂ ಒಂದು ಗೇಣು ಆಚೀಚೆ ಆಗುತ್ತಿರಲಿಲ್ಲ. ಅವನ ಕಣ್ಣಳತೆ ಅಂದರೆ ಕಣಿವೆಗೆಲ್ಲ ಮಾತು. ಮೂವತ್ತೆರಡು ವರ್ಷ ನಮ್ಮ ಹತ್ತಿರ ಕೆಲಸ ಮಾಡಿದವನು. ಟ್ರೆವರ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

ಅಂಥವನ ಹತ್ತಿರ ಲೈಸೆನ್ಸು ತೋರಿಸು ಅಂತ ಹೇಗೆ ಕೇಳುವುದು ಹೇಳಿ?

ಆ ವರ್ಷ ಏಪ್ರಿಲ್‌ನಲ್ಲಿ, ಮದುವೆಗಳ ಕಾಲ ಶುರುವಾಗುವ ಮುಂಚೆ, ನನ್ನ ನಾದಿನಿ ಗ್ವೆಂಡಾ ಬಂದಿದ್ದಳು. ಮೂವತ್ತು ವರ್ಷ ಬಸ್ ಡಿಪೋದ ಆಫೀಸಿನಲ್ಲಿ ಡ್ರೈವರುಗಳ ಕಾಗದ ನೋಡಿಕೊಂಡಿದ್ದವಳು. ನಿವೃತ್ತಿಯಾದರೂ ಡಿಪೋ ಅವಳನ್ನು ಬಿಟ್ಟಿಲ್ಲ. ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಹಣ್ಣಿನ ಕೇಕಿನ ಮೇಲೆ ಚೀಸಿನ ಚೂರು ಇಟ್ಟುಕೊಂಡು ತಿನ್ನುತ್ತಾ ಕೇಳಿದಳು.

"ಹೇಜಲ್, ನಿನ್ನ ಡ್ರೈವರುಗಳ ಲೈಸೆನ್ಸು ಯಾವಾಗ ನೋಡಿದ್ದೆ?"

"ಕೆಲ್ಸಕ್ಕೆ ಸೇರ್ದಾಗ ಟ್ರೆವರ್ ನೋಡಿರ್ತಾನೆ ಬಿಡು."

"ಸೇರಿ ಎಷ್ಟು ವರ್ಷ ಆಯ್ತು?"

"ಕಾಲಿನ್ ಒಂಬತ್ತು. ರೋಲಂಡ್ ಮೂವತ್ತೆರಡು."

ಗ್ವೆಂಡಾ ಕೇಕು ಕೆಳಗಿಟ್ಟಳು. "ಮೂವತ್ತೆರಡು ವರ್ಷದ ಹಿಂದೆ ನೋಡಿದ್ದು ಇವತ್ತಿಗೆ ಲೆಕ್ಕಕ್ಕಾ? ಆವಾಗ ನಿನ್ನ ಸೊಂಟಾನೂ ಸಣ್ಣಗಿತ್ತು."

"ನಿನ್ನ ಬಾಯಿಗೆ ಬೀಗ ಇಲ್ವಲ್ಲೇ."

"ನಗ್ಬೇಡ ಕಣೇ. ಲೈಸೆನ್ಸು ಒಂದ್ಸಲ ಬಂದ್ರೆ ಸಾಯೋವರ್ಗೂ ಇರೋ ವಸ್ತು ಅಲ್ಲ. ಅವಧಿ ಮುಗಿಯುತ್ತೆ. ತಪ್ಪು ಮಾಡಿದ್ರೆ ಕೋರ್ಟ್ ಕಿತ್ಕೊಳ್ಳುತ್ತೆ. ಕಾಯಿಲೆ ಬಂದ್ರೂ ಹೋಗುತ್ತೆ. ಡಿಪೋದಲ್ಲಿ ಮೂರು ತಿಂಗಳಿಗೊಂದ್ಸಲ ನೋಡ್ತಿದ್ವಿ. ನೀನು ಆರು ತಿಂಗಳಿಗೊಂದ್ಸಲ ಆದ್ರೂ ನೋಡು. ಕಾರ್ಡು ಕೇಳಿ ಈಸ್ಕೋ. ಹಿಂದೆ ಮುಂದೆ ಎರಡೂ ನೋಡು. ಅಂದ ಹಾಗೆ ರೋಲಂಡ್‌ಗೆ ಈಗೆಷ್ಟು?"

"ಹೋದ ನವೆಂಬರಿಗೆ ಎಪ್ಪತ್ತು ತುಂಬ್ತು."

"ಎಪ್ಪತ್ತಾ! ಹಾಗಾದ್ರೆ ಮೊದ್ಲು ಅವನ್ದೇ ನೋಡು. ಎಪ್ಪತ್ತಾದ್ಮೇಲೆ ಲಾರಿದು ಬೇರೆ..."

"ಗ್ವೆಂಡಾ, ಟೀ ಆರ್ತಾ ಇದೆ. ಕುಡಿ."

ಅವಳ ಮಾತು ಅಲ್ಲಿಗೆ ತುಂಡಾಯಿತು. ತುಂಡು ಮಾಡಿದವಳು ನಾನು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಯಾರೋ ಹೊರಗಿನ ಅಧಿಕಾರಿ ಬಂದು ಹೇಳಿದ್ದರೆ ಬರೆದುಕೊಳ್ಳುತ್ತಿದ್ದೆ. ನಾದಿನಿ ಹೇಳಿದಳು, ಹಾಗಾಗಿ ಟೀ ಬಗ್ಗೆ ಮಾತಾಡಿದೆ. ಅವಳು ಹೇಳಬೇಕೆಂದಿದ್ದು ಇನ್ನು ನಾಲ್ಕೇ ನಾಲ್ಕು ಮಾತು.

ಆದರೂ ಅವಳ ಕಾಟಕ್ಕೆ, ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಇಬ್ಬರನ್ನೂ ನಿಲ್ಲಿಸಿ ಕೇಳಿದೆ. "ಒಂದು ಸಣ್ಣ ಕೆಲಸ. ಇಬ್ರೂ ನಿಮ್ಮ ಲೈಸೆನ್ಸು ಕಾರ್ಡು ತೋರಿಸ್ಬೇಕು."

ಕಾಲಿನ್ ಮುಖ ಬಿಳುಚಿತು. "ಯಾಕೆ? ಯಾರೇನು ಹೇಳಿದ್ರು? ಆ ಸ್ಪೀಡ್ ಕ್ಯಾಮೆರಾ ವಿಷಯ ಆದ್ರೆ ಅದು ಹೋದ ವರ್ಷದ್ದು. ಲೈಸೆನ್ಸಿನ ಮೇಲೆ ಬರೀ ಮೂರೇ ದಂಡದ ಪಾಯಿಂಟು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಅಂತ ರೋಲಂಡ್ ನಕ್ಕ. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. "ನನ್ದೂ ನೋಡ್ಬೇಕಾ ತಾಯಿ?"

"ಗ್ವೆಂಡಾ ಹೇಳಿದ್ಲು ರೋಲಂಡ್. ಸುಮ್ನೆ ಒಂದು ಕ್ರಮಕ್ಕೆ."

"ಟ್ರೆವರ್ ಇದ್ದಿದ್ರೆ ಕೇಳ್ತಿರ್ಲಿಲ್ಲ." ಹಾಗಂದುಕೊಂಡೇ ಜೇಬಿನಿಂದ ಕಾರ್ಡು ತೆಗೆದ. "ತಗೋ. ಹೊಚ್ಚ ಹೊಸದು. ಎಪ್ಪತ್ತಾಯ್ತಲ್ಲ, ಮಗಳು ಕಂಪ್ಯೂಟರ್ ಮುಂದೆ ಕೂತು ಐದು ನಿಮಿಷದಲ್ಲಿ ಮಾಡಿಸ್ಕೊಟ್ಳು. ಕಣ್ಣು ಕಾಣುತ್ತಾ ಅಂತ ಕೇಳ್ತು. ಇಪ್ಪತ್ತು ಮೀಟರ್ ದೂರದ ನಂಬರ್ ಪ್ಲೇಟ್ ಓದ್ತೀನಿ, ಹೌದು ಅಂತ ಹಾಕ್ಸಿದೆ. ಸುಳ್ಳಲ್ಲ."

ಸುಳ್ಳಲ್ಲ. ಅವನು ಸುಳ್ಳು ಹೇಳುವ ಮನುಷ್ಯನೇ ಅಲ್ಲ.

ಕಾರ್ಡು ನನ್ನ ಕೈಯಲ್ಲಿತ್ತು. ಹೊಸ ಫೋಟೋ. ಹೆಸರು ಸರಿ, ವಿಳಾಸ ಸರಿ, ಇನ್ನೂ ಎರಡೂವರೆ ವರ್ಷ ಅವಧಿ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿದ್ದವು. ಎರಡು ಕ್ಷಣ ನೋಡಿ ವಾಪಸ್ಸು ಕೊಟ್ಟೆ. "ತಪ್ಪು ತಿಳ್ಕೋಬೇಡ ರೋಲಂಡ್," ಅಂದೆ. ಕ್ಷಮೆ ಬೇರೆ ಕೇಳಿದೆ.

ಕಾರ್ಡು ತಿರುಗಿಸಲಿಲ್ಲ. ಹಿಂದೆ ಏನಿದೆ ಅಂತ ನೋಡಲಿಲ್ಲ. ಸಂಜೆ ಗ್ವೆಂಡಾಗೆ ಫೋನು ಮಾಡಿ, "ನೋಡ್ದೆ ಕಣೇ, ಎಲ್ಲಾ ಸರಿ ಇದೆ, ಇನ್ನು ನಿದ್ದೆ ಮಾಡು," ಅಂತ ಹಂಗಿಸಿದೆ.

ಮೇ ತಿಂಗಳಿಂದ ಊರಲ್ಲಿ ಒಂದು ಗುಸುಗುಸು ಶುರುವಾಯಿತು. ರೋಲಂಡ್‌ಗೆ ಕೊಬ್ಬು ಬಂದಿದೆಯಂತೆ. ಗೇಟಿನ ಹತ್ತಿರ ನಿಂತವರಿಗೆ ಬೆರಳು ಎತ್ತುವುದಿಲ್ಲವಂತೆ. ಅಂಚೆಯವಳು ಹೇಳಿದಳು, ಹಾಲಿನ ಡೇರಿಯ ಗಾರ್ಥ್ ಹೇಳಿದ. ಎದುರಿಗೆ ಬಂದ ಗಾಡಿಗೆ ಎತ್ತುತ್ತಿದ್ದ, ಅದಕ್ಕೇ ಜನಕ್ಕೆ ಇನ್ನೂ ಸಿಟ್ಟು. "ಕಾರಲ್ಲಿ ಬಂದೋರಿಗೆ ಮಾತ್ರ ನಮಸ್ಕಾರ, ನಡ್ಕೊಂಡು ಹೋಗೋರು ಲೆಕ್ಕಕ್ಕಿಲ್ಲ," ಅಂತ ಗಾರ್ಥ್ ಆಡಿಕೊಂಡ.

ಕೆಲಸದಲ್ಲೂ ಒಂದೆರಡು ವಿಷಯ ನಡೆದವು. ಡೇರೆಯ ಬದಿಯ ಹಗ್ಗ ಎಡವಿ ಎರಡು ಸಲ ಬಿದ್ದ. ಹಗ್ಗದ ನಡುವೆಯೇ ಮೂವತ್ತೆರಡು ವರ್ಷ ಓಡಾಡಿದ ಮನುಷ್ಯ! ಕಾಲಿನ್ ಹಗ್ಗಕ್ಕೆಲ್ಲ ಕೆಂಪು ರಿಬ್ಬನ್ನು ಕಟ್ಟಿ ತಮಾಷೆ ಮಾಡಿದ. ರೋಲಂಡೂ ನಕ್ಕ, ನಾನೂ ನಕ್ಕೆ. ವಯಸ್ಸಾಯಿತು, ಕಾಲು ಎತ್ತಿ ಇಡುವುದಿಲ್ಲ ಅಂದುಕೊಂಡೆವು. ಕಾಲಿನ ಮೇಲೆ ಅನುಮಾನ ಬಂತು, ಕಣ್ಣಿನ ಮೇಲೆ ಯಾರಿಗೂ ಬರಲಿಲ್ಲ. ಅವನ ಕಣ್ಣಳತೆ ಮೊದಲಿನ ಹಾಗೇ ಇತ್ತಲ್ಲ. ನೇರವಾಗಿ ನೋಡಿದ್ದೆಲ್ಲ ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಎಲ್ಲರಿಗಿಂತ ಹೆಚ್ಚು ನೊಂದುಕೊಂಡವನು ಐವರ್ ಡೆಂಟ್.

ಐವರ್ ಕಲ್ಲುಗೋಡೆ ಕಟ್ಟುವವನು. ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ, ಹೊಲದ ಅಂಚಿನ ಗೋಡೆಗಳನ್ನು ಎಬ್ಬಿಸುವ ಕೆಲಸ. ದಿನವಿಡೀ ರಸ್ತೆ ಬದಿಯಲ್ಲೇ ಇರುತ್ತಿದ್ದ. ಅವನೂ ರೋಲಂಡೂ ನಲವತ್ತು ವರ್ಷದ ಸ್ನೇಹಿತರು. ಪಬ್ಬಿನ ಹಿಂದಿನ ಅಂಗಳದಲ್ಲಿ ಗೂಟಕ್ಕೆ ಕಬ್ಬಿಣದ ಬಳೆ ಎಸೆಯುವ ಆಟದಲ್ಲಿ ಇಬ್ಬರೂ ಜೋಡಿ. ಮಾತು ಕಡಿಮೆ, ಇಬ್ಬರದೂ. ಆ ಎತ್ತಿದ ಬೆರಳಿನಲ್ಲೇ ಅವರ ಸ್ನೇಹದ ಮುಕ್ಕಾಲು ಪಾಲು ಇತ್ತು ಅಂತ ನನಗೆ ಈಗ ಅನಿಸುತ್ತದೆ.

ಆಗಸ್ಟ್ ಕೊನೆಯಲ್ಲಿ ಒಂದು ದಿನ, ಎರವಲು ತಗೊಂಡಿದ್ದ ಸುತ್ತಿಗೆ ವಾಪಸ್ಸು ಕೊಡಲು ನಮ್ಮ ಅಂಗಳಕ್ಕೆ ಬಂದ. ಕೊಟ್ಟ ಮೇಲೂ ಹೋಗಲಿಲ್ಲ. ಟೋಪಿ ತೆಗೆದು ಹಾಕಿ ಮಾಡುತ್ತಾ ನಿಂತ.

"ಏನು ಐವರ್?"

"ಏನಿಲ್ಲಮ್ಮಾ. ರೋಲಂಡ್ ನನ್ನ ಬಗ್ಗೆ ಏನಾದ್ರೂ ಹೇಳಿದ್ನಾ?"

"ಏನ್ ಹೇಳ್ತಾನೆ?"

"ಎರಡು ತಿಂಗಳಿಂದ ಮೇಲಿನ ತಿರುವಿನಲ್ಲಿ ಗೋಡೆ ಕಟ್ತಾ ಇದ್ದೀನಿ. ದಿನಾ ಅವನ ಲಾರಿ ಹೋಗುತ್ತೆ. ದಿನಾ ಕೈ ಎತ್ತುತ್ತೀನಿ. ಒಂದ್ಸಲಾನೂ ತಿರುಗಿ ಎತ್ಲಿಲ್ಲ. ಬಳೆ ಆಟಕ್ಕೂ ಬರೋದು ಬಿಟ್ಟಿದ್ದಾನೆ. ಬಳೆ ಎಲ್ಲಿ ಬಿತ್ತು ಅಂತ ಗೊತ್ತಾಗಲ್ಲ, ಬೇಜಾರು ಅಂದ. ಅದೂ ಒಂದು ನೆವ ಇರ್ಬೇಕು. ನಾನೇನು ಮಾಡ್ದೆ ಅಂತ ಎಷ್ಟು ಯೋಚ್ನೆ ಮಾಡಿದ್ರೂ ಹೊಳೀತಿಲ್ಲ."

"ಕೇಳ್ಬಿಡು ಅವನ್ನೇ."

"ಹೇಗೆ ಕೇಳೋದು? 'ಯಾಕೋ ಬೆರಳು ಎತ್ತಲ್ಲ' ಅಂತಾನಾ? ಚಿಕ್ಕ ಮಕ್ಳಾ ನಾವು?"

ಆ ದಿನ ನನಗೆ ಕೆಲಸ ಜಾಸ್ತಿ ಇತ್ತು. ಶನಿವಾರ ಕುರಿ ಪ್ರದರ್ಶನ, ಮೂರು ಡೇರೆ ಏಳಬೇಕು. ನಗುತ್ತಾ ಅಂದೆ, "ಹಾಗಾದ್ರೆ ಒಂದು ಕೆಲ್ಸ ಮಾಡು. ನಾಳೆ ಬೆಳಿಗ್ಗೆ ಹೊರೆ ತಗೊಂಡು ಆ ಕಡೆನೇ ಬರ್ತಾನೆ. ರಸ್ತೆಗೆ ಇಳಿದು ಕೈ ಬೀಸು. ಆವಾಗ ಎಲ್ಲಿಗೆ ಹೋಗ್ತಾನೆ, ನಿಲ್ಲಿಸ್ಲೇಬೇಕು."

ಐವರ್ ಮುಖ ಅರಳಿತು. "ಹೌದಲ್ವಾ? ಹಾಗೇ ಮಾಡ್ತೀನಿ. ಅದೇನು ಸಿಟ್ಟೋ ಕೇಳೇಬಿಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ವಾಪಸ್ಸು ತಗೊಳ್ಳಲು ನನ್ನ ಹತ್ತಿರ ಇರುವುದನ್ನೆಲ್ಲ ಕೊಡುತ್ತೇನೆ. ತಗೊಳ್ಳುವವರು ಯಾರೂ ಇಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂಕಾಲು. ಬಿಸಿಲು ಚೆನ್ನಾಗಿತ್ತು. ರಸ್ತೆ ಒಣಗಿತ್ತು. ರೋಲಂಡ್ ನಿಧಾನವಾಗಿಯೇ ಹೋಗುತ್ತಿದ್ದ. ಹಿಂದೆ ವ್ಯಾನಿನಲ್ಲಿ ಕಾಲಿನ್. ಇದೆಲ್ಲ ಕಾಲಿನ್ ಹೇಳಿದ್ದು.

"ತಿರುವಿನ ಹತ್ರ ಐವರ್ ಕಾಣಿಸ್ದ. ಎಡಗಡೆ, ಗೋಡೆ ಪಕ್ಕ. ಟೋಪಿ ಕೈಯಲ್ಲಿತ್ತು. ನಗ್ತಾ ಇದ್ದ ಹೇಜಲ್. ಹುಲ್ಲಿಂದ ರಸ್ತೆಗೆ ಒಂದು ಹೆಜ್ಜೆ ಇಳಿದು ಟೋಪಿ ಬೀಸ್ದ. ಈಗ ರೋಲಂಡ್ ಬ್ರೇಕ್ ಹಾಕ್ತಾನೆ ಅಂದ್ಕೊಂಡೆ. ಲಾರಿ ಹಿಂದಿನ ಕೆಂಪು ದೀಪ ಹತ್ಲೇ ಇಲ್ಲ. ಐವರ್ ಹಿಂದೆ ಸರೀಲಿಲ್ಲ. ನಿಲ್ಲಿಸ್ತಾನೆ ಅಂತ ಅಷ್ಟು ನಂಬ್ಕೆ ಅವನಿಗೆ."

ಆಂಬುಲೆನ್ಸ್ ಬರುವ ಹೊತ್ತಿಗೆ ಐವರ್ ಹೋಗಿಬಿಟ್ಟಿದ್ದ.

ನಾನು ಅಲ್ಲಿಗೆ ಮುಟ್ಟಿದಾಗ ರೋಲಂಡ್ ಹುಲ್ಲಿನ ಮೇಲೆ ಕೂತಿದ್ದ. ಐವರ್‌ನ ಟೋಪಿ ಅವನ ತೊಡೆಯ ಮೇಲಿತ್ತು. ನನ್ನನ್ನು ನೋಡಿ ಆ ಟೋಪಿ ನನ್ನ ಕಡೆ ಚಾಚಿದ.

"ತಾಯಿ, ನಾನು ಅವನ್ನ ನೋಡ್ಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ದೆ. ರಸ್ತೇನೇ ನೋಡ್ತಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ. ದೇವ್ರಾಣೆ, ಯಾರೂ ಇರ್ಲಿಲ್ಲ."

ಪೊಲೀಸ್ ಅಧಿಕಾರಿ ಒಬ್ಬ ಹೆಂಗಸು. ಮೆಲ್ಲಗೆ ಮಾತಾಡುವವಳು. ರೋಲಂಡ್‌ನ ಕಾರ್ಡು ಈಸಿಕೊಂಡಳು. ಮುಂದೆ ನೋಡಿದಳು. ಆಮೇಲೆ ತಿರುಗಿಸಿದಳು. ಆ ಒಂದು ಸಣ್ಣ ಕೆಲಸ, ಎರಡು ಬೆರಳಿನ ಕೆಲಸ.

"ಇವರ ಮಾಲೀಕರು ನೀವೇನಾ?"

"ಹೌದು."

"ಇದನ್ನ ನೋಡಿದ್ರಾ?"

ಕಾರ್ಡಿನ ಹಿಂಬದಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಗಾಡಿಯ ಚಿತ್ರಗಳು. ಮೋಟರ್ ಸೈಕಲ್, ಕಾರು, ಲಾರಿ, ಬಸ್ಸು. ಯಾವುದನ್ನು ಓಡಿಸಬಹುದೋ ಅದರ ಎದುರು ತಾರೀಕು ಇರುತ್ತದೆ. ಕಾರಿನ ಎದುರು ತಾರೀಕು ಇತ್ತು. ಲಾರಿಯ ಎದುರು ಖಾಲಿ.

ಹಳಬರಿಗೆ ಕಾರಿನ ಪರೀಕ್ಷೆ ಪಾಸಾದಾಗ ಏಳೂವರೆ ಟನ್ನಿನ ಲಾರಿಯೂ ಜೊತೆಗೇ ಸಿಕ್ಕಿತ್ತು. ಎಪ್ಪತ್ತು ತುಂಬಿದ ದಿನ ಅದು ತಾನಾಗಿಯೇ ಹೋಗುತ್ತದೆ. ಬೇಕೆಂದರೆ ಬೇರೆ ಅರ್ಜಿ ಹಾಕಬೇಕು. ಡಾಕ್ಟರ ತಪಾಸಣೆ ಆಗಬೇಕು, ಅದರಲ್ಲಿ ಕಣ್ಣೂ ಸೇರಿದೆ. ಐದು ನಿಮಿಷದ ಕಂಪ್ಯೂಟರ್ ಅರ್ಜಿ ಕಾರಿಗೆ ಮಾತ್ರ. ರೋಲಂಡ್‌ಗೆ ಇದು ತಿಳಿಯಲಿಲ್ಲ. ಮಗಳಿಗೆ ಅಪ್ಪ ಲಾರಿ ಓಡಿಸುವುದು ನೆನಪಿಗೆ ಬರಲಿಲ್ಲ. ಏಪ್ರಿಲ್‌ನಲ್ಲಿ ಗ್ವೆಂಡಾ ಹೇಳಲು ಹೊರಟಿದ್ದು ಇದನ್ನೇ. ನಾನು ಟೀ ಕುಡಿ ಅಂದಿದ್ದೆ.

ಮುಂದಿನ ವಾರ ಅವನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದೆ. ಒಂದು ಯಂತ್ರದೊಳಗೆ ಮುಖ ಇಟ್ಟು ಕೂರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿಣುಕುತ್ತದೆ. ಕಂಡಾಗೆಲ್ಲ ಗುಂಡಿ ಒತ್ತಬೇಕು. ಹೊರಗೆ ಬಂದು ರೋಲಂಡ್ ಹೇಳಿದ, "ಎಲ್ಲಾದಕ್ಕೂ ಒತ್ತಿದೆ. ಒಂದೂ ಬಿಡ್ಲಿಲ್ಲ."

ಡಾಕ್ಟರ್ ಅವನ ಮುಂದೆ ಒಂದು ಹಾಳೆ ಇಟ್ಟರು. ನಡುವೆ ಒಂದು ಚಿಕ್ಕ ಬಿಳಿ ವೃತ್ತ. ಸುತ್ತಲೂ ಕಪ್ಪು, ಎಡಗಡೆ ಬಹಳ ಜಾಸ್ತಿ.

"ಇದು ಗ್ಲಾಕೋಮಾ. ಕಣ್ಣಿನ ಒಳಗಿನ ನರ ಸವೆದು ಹೋಗುತ್ತೆ. ನೋವಿರಲ್ಲ, ಕೆಂಪಾಗಲ್ಲ. ಅಂಚಿನ ನೋಟ ಮೊದಲು ಹೋಗುತ್ತೆ. ಹೋಗಿದೆ ಅಂತ ನಮಗೇ ಗೊತ್ತಾಗಲ್ಲ. ಹೋಗಿದ್ದು ವಾಪಸ್ಸು ಬರಲ್ಲ. ಉಳಿದಿದ್ದನ್ನ ಹನಿ ಹಾಕಿ ಕಾಪಾಡ್ಕೋಬೇಕು. ಒಂದು ವರ್ಷ ಮುಂಚೆ ಬಂದಿದ್ರೆ..."

ರೋಲಂಡ್ ಆ ಹಾಳೆಯನ್ನೇ ನೋಡುತ್ತಿದ್ದ. ಕಪ್ಪು ಭಾಗದ ಮೇಲೆ ಬೆರಳಿಟ್ಟ. "ಐವರ್ ಇಲ್ಲಿದ್ನಾ?" ಅಂತ ಕೇಳಿದ. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಕೋರ್ಟು ಅವನಿಗೆ ಶಿಕ್ಷೆ ಹೇಳಿತು, ಜೈಲಿಗೆ ಮಾತ್ರ ಕಳಿಸಲಿಲ್ಲ. ನನಗೆ ದಂಡ ಹಾಕಿತು. ನನಗೆ ಕೊಟ್ಟಿದ್ದು ಕಡಿಮೆ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಐವರ್‌ನ ಹೆಂಡತಿ ಏವ್ರಿಲ್ ನಮ್ಮ ಮನೆಗೆ ಬಂದಳು. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಕೂರು ಅಂದರೂ ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತಳು.

"ಒಂದೇ ವಿಷಯ ಕೇಳ್ತೀನಿ, ನಿಜ ಹೇಳು ಹೇಜಲ್. ರೋಲಂಡ್‌ಗೆ ನಮ್ಮವರ ಮೇಲೆ ಏನು ಸಿಟ್ಟಿತ್ತು?"

"ಸಿಟ್ಟಾ? ಏನೂ ಇರ್ಲಿಲ್ಲ ಏವ್ರಿಲ್."

"ಇರ್ಲೇಬೇಕು. ಬೇಸಿಗೆ ಪೂರ್ತಿ ಐವರ್ ಅದನ್ನೇ ಕೊರೀತಾ ಇದ್ರು. ಊಟ ಸೇರ್ತಿರ್ಲಿಲ್ಲ. 'ನಲವತ್ತು ವರ್ಷದ ಸ್ನೇಹಿತ, ಮುಖ ತಿರುಗಿಸ್ಕೊಂಡು ಹೋಗ್ತಾನೆ' ಅಂತ. ಆ ದಿನ ಬೆಳಿಗ್ಗೆ ಮಾತ್ರ ಖುಷಿಯಾಗಿದ್ರು. ಇವತ್ತು ಇತ್ಯರ್ಥ ಮಾಡ್ಕೊಂಡು ಬರ್ತೀನಿ ಅಂತ ಹೊರಟ್ರು."

ನಾನು ಎಲ್ಲ ಹೇಳಿದೆ. ಕಣ್ಣಿನ ಹಾಳೆ, ಬಿಳಿ ವೃತ್ತ, ಕಪ್ಪು. ಬೆರಳು ಎತ್ತದೆ ಇದ್ದದ್ದು ಕೊಬ್ಬಿನಿಂದಲ್ಲ, ರಸ್ತೆ ಬದಿ ನಿಂತ ಯಾರೂ ಅವನಿಗೆ ಕಾಣುತ್ತಲೇ ಇರಲಿಲ್ಲ ಅಂತ. ಬಳೆ ಎಲ್ಲಿ ಬಿತ್ತು ಅಂತ ಗೊತ್ತಾಗದೆ ಇದ್ದದ್ದೂ ನಿಜವೇ ಅಂತ. ರಸ್ತೆಗೆ ಇಳಿ ಅಂತ ಹೇಳಿದವಳು ನಾನೇ ಅಂತಲೂ ಹೇಳಿದೆ. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಏವ್ರಿಲ್ ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

"ಹಾಗಾದ್ರೆ ಅವನಿಗೆ ಸಿಟ್ಟಿರ್ಲಿಲ್ಲ."

"ಇರ್ಲಿಲ್ಲ."

"ಇದನ್ನ ಈಗ ಐವರ್‌ಗೆ ಯಾರು ಹೇಳ್ತಾರೆ?"

ಅವಳು ಅಳಲಿಲ್ಲ. ನಾನು ಅತ್ತೆ. ಅವಳೇ ನನ್ನ ಅಡುಗೆಮನೆಗೆ ಹೋಗಿ ನೀರು ತಂದುಕೊಟ್ಟಳು.

ನವೆಂಬರಿನಲ್ಲಿ ಊರ ಸಭಾಂಗಣದಲ್ಲಿ ಒಂದು ಸಭೆ ಕರೆದೆವು. ಕೆಲಸಕ್ಕೆ ಗಾಡಿ ಇಟ್ಟುಕೊಂಡ ನಮ್ಮ ಕಣಿವೆಯವರೆಲ್ಲ ಬರಲಿ ಅಂತ. ಡೇರಿಯವರು, ಕಲ್ಲುಗಣಿಯವರು, ಚರ್ಚಿನ ಮಿನಿಬಸ್ಸು ನೋಡಿಕೊಳ್ಳುವವರು. ಗ್ವೆಂಡಾ ಶುಂಠಿ ಕೇಕು ಮಾಡಿ ತಂದಿದ್ದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅಂತ ನೀವು ಅನ್ನಬಹುದು. ಹೌದು. ಆದರೆ ನಿಮ್ಮ ಕೋಟೆ ಇನ್ನೂ ಇದೆಯಲ್ಲ.

ಗ್ವೆಂಡಾ ಎಲ್ಲ ವಿವರಿಸಿದಳು. ಈ ಸಲ ಯಾರೂ ಅವಳ ಮಾತು ತುಂಡು ಮಾಡಲಿಲ್ಲ. ಮಾಡಲು ಹೋದವನು ಡೇರಿಯ ಗಾರ್ಥ್ ಒಬ್ಬನೇ.

"ನನ್ನ ಹತ್ರ ನಾಲ್ಕು ಜನ ಇದ್ದಾರೆ. ಇಪ್ಪತ್ತು ವರ್ಷದಿಂದ ಬಲ್ಲೆ. ಅವರ ಮುಖಕ್ಕೆ ನಿಂತು ಕಾರ್ಡು ಕೇಳಿದ್ರೆ, ನಾಳೆ ನನ್ನ ಹಸು ಕರೆಯೋಕೆ ಯಾರು ಬರ್ತಾರೆ?"

ಏವ್ರಿಲ್ ಎದ್ದು ನಿಂತಳು. ಅವಳು ಮಾತಾಡುತ್ತಾಳೆ ಅಂತ ನನಗೂ ಗೊತ್ತಿರಲಿಲ್ಲ.

"ಗಾರ್ಥ್, ನಾವೂ ರೋಲಂಡ್‌ನ ನಲವತ್ತು ವರ್ಷದಿಂದ ಬಲ್ಲೆವು. ಅವನ ಕಣ್ಣು ಹೋಗಿದ್ದು ನಮಗೆ ಗೊತ್ತಾಗ್ಲಿಲ್ಲ, ಅವನಿಗೇ ಗೊತ್ತಾಗ್ಲಿಲ್ಲ. 'ಕೊಬ್ಬು ಬಂದಿದೆ' ಅಂತ ಆಡ್ಕೊಂಡ್ವಿ. ನೀನೂ ಆಡ್ಕೊಂಡೆ. ಮನುಷ್ಯನ್ನ ಬಲ್ಲೆ ಅಂತೀಯ. ಅವನ ಕಾರ್ಡಿನ ಹಿಂದೆ ಏನಿದೆ ಬಲ್ಲೆಯಾ?"

ಗಾರ್ಥ್ ತಲೆ ತಗ್ಗಿಸಿದ. ಆಮೇಲೆ ತನ್ನ ಪರ್ಸು ತೆಗೆದ. ಬೇರೆಯವರದ್ದಲ್ಲ, ತನ್ನದೇ ಕಾರ್ಡು ಹೊರಗೆಳೆದು, ತಿರುಗಿಸಿ, ಕನ್ನಡಕ ಹಣೆಗೇರಿಸಿ ಕಣ್ಣಿಗೆ ಹತ್ತಿರ ಹಿಡಿದ. ಇಡೀ ಸಭೆ ಹಾಗೇ ಮಾಡಿತು. ಎಲ್ಲರೂ ಜೇಬು ತಡಕಿ, ಕಾರ್ಡು ತಿರುಗಿಸಿ, ದೀಪದ ಕೆಳಗೆ ಹಿಡಿದು ಓದತೊಡಗಿದರು. ಚರ್ಚಿನ ಮಿನಿಬಸ್ಸು ಓಡಿಸುವ ಮುದುಕ ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೈ ಎತ್ತಿದ.

"ಗ್ವೆಂಡಾ, ನನ್ದು ಬಸ್ಸಿನ ಚಿತ್ರದ ಎದುರು ಖಾಲಿ ಇದೆಯಲ್ಲಮ್ಮಾ."

ಅವನಿಗೆ ಎಪ್ಪತ್ತೆರಡು ವರ್ಷ, ಮಿನಿಬಸ್ಸಿಗೂ ಎಪ್ಪತ್ತರ ನಿಯಮವೇ. ಪ್ರತಿ ಭಾನುವಾರ ಹನ್ನೊಂದು ಜನ ಮುದುಕಿಯರನ್ನು ಕೂರಿಸಿಕೊಂಡು ಬರುತ್ತಿದ್ದ. ಮಾರನೇ ದಿನವೇ ಬಸ್ಸಿನ ಬೀಗದ ಕೈ ಅವನೇ ತಂದು ಪಾದ್ರಿಗೆ ಒಪ್ಪಿಸಿದ. ಈಗ ತಪಾಸಣೆಗೆ ಅರ್ಜಿ ಹಾಕಿದ್ದಾನೆ. ಗಾರ್ಥ್‌ನ ನಾಲ್ವರೂ ಕಾರ್ಡು ತೋರಿಸಿದರು. ಹಸು ಕರೆಯುವುದನ್ನು ಯಾರೂ ಬಿಡಲಿಲ್ಲ.

ರೋಲಂಡ್ ಈಗ ಗಾಡಿ ಓಡಿಸುವುದಿಲ್ಲ. ದಿನಾ ಬೆಳಿಗ್ಗೆ ಕೋಲು ಹಿಡಿದು ಮೇಲಿನ ತಿರುವಿನವರೆಗೆ ನಡೆದು ಹೋಗುತ್ತಾನೆ. ಐವರ್ ಅರ್ಧ ಬಿಟ್ಟ ಗೋಡೆ ಅಲ್ಲಿ ಹಾಗೇ ಇದೆ. ದಾರಿಯಲ್ಲಿ ಸಿಗುವ ಪ್ರತಿ ಗೇಟಿಗೂ, ಪ್ರತಿ ತಿರುವಿಗೂ ಕೈ ಎತ್ತುತ್ತಾನೆ. ಬಹಳ ಸಲ ಅಲ್ಲಿ ಯಾರೂ ಇರುವುದಿಲ್ಲ. ಒಂದು ದಿನ ಅವನ ಜೊತೆ ನಡೆಯುತ್ತಾ ಕೇಳಿದೆ, "ಯಾರಿಗೆ ರೋಲಂಡ್?"

"ಯಾರಾದ್ರೂ ನಿಂತಿದ್ರೆ ಅಂತ ತಾಯಿ. ನನಗೆ ಕಾಣಲ್ಲ ಅಲ್ವಾ. ಇನ್ನೊಬ್ರು ಬೇಜಾರು ಮಾಡ್ಕೋಬಾರ್ದು."

ಗಾಡಿಯ ಬೀಗದ ಕೈ ಇನ್ನೊಬ್ಬರಿಗೆ ಕೊಡುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ದೊಡ್ಡ ಕಂಪನಿ ಇರಬಹುದು, ಒಂದೇ ಲಾರಿಯ ಸಣ್ಣ ವ್ಯಾಪಾರ ಇರಬಹುದು. ನಾಳೆ ಬೆಳಿಗ್ಗೆ ಬೀಗದ ಕೈ ಕೊಡುವ ಮುಂಚೆ ಲೈಸೆನ್ಸು ಕೇಳಿ. ಜೆರಾಕ್ಸ್ ಬೇಡ, ಅಸಲನ್ನೇ ಕೇಳಿ. ಅವಧಿ ಇದೆಯಾ ನೋಡಿ. ನೀವು ಕೊಡುತ್ತಿರುವ ಗಾಡಿಗೇ ಅದು ಹೊಂದುತ್ತದಾ ನೋಡಿ. ಸರ್ಕಾರದ ವೆಬ್‌ಸೈಟಿನಲ್ಲಿ ನೋಡಲು ದಾರಿ ಇದ್ದರೆ, ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ. ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಗಾಡಿ ಓಡಿಸುವವರೇ, ಕೇಳಿದರೆ ಮುನಿಸಿಕೊಳ್ಳಬೇಡಿ, ಕೇಳದಿದ್ದರೆ ನೀವೇ ತೋರಿಸಿ. ಗೊತ್ತಿರುವವನು, ನಂಬಿಕೆಯವನು, ಮನೆಯವನ ಹಾಗೆ ಅಂತ ನಾಚಿಕೆಯಾಗುತ್ತದಾ? ನನಗೂ ಆಗಿತ್ತು. ಹಾಗಾಗಿಯೇ ಮೊದಲು ಅವನದ್ದೇ ಕೇಳಿ. ಕಾರ್ಡು ಕೈಗೆ ಬಂದ ಮೇಲೆ, ನನ್ನ ಹಾಗೆ ವಾಪಸ್ಸು ಕೊಟ್ಟುಬಿಡಬೇಡಿ. ತಿರುಗಿಸಿ ನೋಡಿ.